ಕಾರು ಬರಬೇಕಿತ್ತು, ವಿಮಾನ ಬಂತು!

ಹಳೇ ಏರ್‌ಪೋರ್ಟ್ ರಸ್ತೆಯಲ್ಲಿ ದೊಮ್ಮಲೂರು ದಾಟಿ ಮಾರತ್ತಹಳ್ಳಿ ಕಡೆಗೆ ಬಸ್ಸಿನಲ್ಲಿ ಹೋಗುವವರಿಗೆ ಎಚ್.ಎ.ಎಲ್. ಕಾಂಪೌಂಡು ಹೊಸದೇನಲ್ಲ. ಅಪ್ಪ ಅಲ್ಲಿ ಫಿಟ್ಟರು, ಮಗ ಅಲ್ಲೇ ಅಪ್ರೆಂಟಿಸು, ಅಳಿಯ ಸ್ಟೋರ್ಸಿನಲ್ಲಿ ಗುಮಾಸ್ತ, ಹೀಗೆ ಮನೆಮಂದಿಯೆಲ್ಲ ಆ ಕಾರ್ಖಾನೆಯ ಅನ್ನ ಉಂಡ ಸಂಸಾರಗಳು ಬೆಂಗಳೂರಿನಲ್ಲಿ ಬೇಕಾದಷ್ಟಿವೆ. ವಿಮಾನ ಕಾರ್ಖಾನೆ ಇಲ್ಲಿಗೆ ಹೇಗೆ ಬಂತು ಅಂತ ಕೇಳಿದರೆ ಹಳಬರು "ಮಿರ್ಜಾ ಸಾಹೇಬರ ಕಾಲದ್ದು" ಅಂತಾರೆ. ನಿಜ. ಆದರೆ ಆ ಕಾರ್ಖಾನೆಗೆ ಮೊದಲು ಕೈ ಹಾಕಿದ ಸಾಹುಕಾರರು ಅಮೆರಿಕಾಕ್ಕೆ ಹೋಗಿದ್ದು ವಿಮಾನಕ್ಕಾಗಿ ಅಲ್ಲವೇ ಅಲ್ಲ. ಹೋಗಿದ್ದು ಕಾರಿಗೆ! ಕಾರಿನ ಕರಾರು ಮಾಡಿಕೊಂಡೂ ಬಂದರು. ಏಳು ವರ್ಷ ಆ ಕರಾರು ಕಾಗದವಾಗಿಯೇ ಉಳಿಯಿತು. ಬೆಂಗಳೂರಿಗೆ ಬರಬೇಕಿದ್ದ ಮೋಟಾರು ಕಾರಿನ ಕಾರ್ಖಾನೆ ಬರಲೇ ಇಲ್ಲ.

ಯಾಕೆ ಬರಲಿಲ್ಲ? "ಯುದ್ಧ ಬಂತಲ್ಲ ಸ್ವಾಮಿ" ಅನ್ನೋದು ಸುಲಭದ ಉತ್ತರ. ಯುದ್ಧ ಬಂದಿದ್ದೂ ನಿಜವೇ. ಆದರೆ ಅದೇ ಯುದ್ಧದ ಕಾಲದಲ್ಲಿ, ಅದೇ ಸಾಹುಕಾರರು, ಅದೇ ದಿವಾನರು, ಅದೇ ಊರು. ವಿಮಾನ ಕಾರ್ಖಾನೆ ಮಾತ್ರ ತಿಂಗಳುಗಳಲ್ಲಿ ಎದ್ದು ನಿಂತಿತು. ಹಾಗಾದರೆ ಕಾರಿಗೆ ಅಡ್ಡ ಬಂದ ಯುದ್ಧ ಯಾವುದು?

ಮುದ್ದೇನಹಳ್ಳಿಯ ಮುದುಕರ ಹಠ

ಕಥೆ ಶುರುವಾಗುವುದು ಸರ್ ಎಂ. ವಿಶ್ವೇಶ್ವರಯ್ಯನವರಿಂದ. ದಿವಾನಗಿರಿ ಬಿಟ್ಟು 1918ರಲ್ಲೇ ಹೊರಬಂದಿದ್ದರು. ಬೇರೆಯವರಾಗಿದ್ದರೆ ಪೆನ್ಷನ್ ತಗೊಂಡು ಜಗುಲಿ ಮೇಲೆ ಕೂತಿರೋರು. ಇವರಿಗೆ ಎಪ್ಪತ್ತು ದಾಟಿದ ಮೇಲೆ ಹತ್ತಿದ ಹುಚ್ಚು ಮೋಟಾರು ಕಾರಿನದು. ರೈಲು ಎಂಜಿನ್ನು ಹೊರಗಿನದು, ಮೋಟಾರು ಹೊರಗಿನದು, ಅದರ ಟೈರು, ಬಿಡಿಭಾಗ ಎಲ್ಲಾ ಹೊರಗಿನದು, ಹೀಗೆ ಎಷ್ಟು ದಿನ ಅಂತ ಅವರ ಪ್ರಶ್ನೆ. 1935ರಲ್ಲಿ ಹಡಗು ಹತ್ತಿ ಯೂರೋಪು, ಅಮೆರಿಕಾ ಸುತ್ತಿದರು. ಕಾರಿನ ಕಾರ್ಖಾನೆಗಳನ್ನು ಖುದ್ದಾಗಿ ನೋಡಿದರು. ಎಷ್ಟು ಯಂತ್ರ ಬೇಕು, ಎಷ್ಟು ಜನ ಬೇಕು, ಎಷ್ಟು ದುಡ್ಡು ಬೇಕು ಅಂತ ಲೆಕ್ಕ ಹಾಕಿ, ಬಂದ ಮೇಲೆ ಸ್ಕೀಮು ಬರೆದು ಮುಂದಿಟ್ಟರು. ಸರ್ ಎಂ.ವಿ. ಅವರ ಲೆಕ್ಕ ಹೇಗಿರುತ್ತೆ ಅಂತ ಕನ್ನಂಬಾಡಿ ಕಂಡವರಿಗೆ ಹೇಳಬೇಕಾಗಿಲ್ಲ.

ಸ್ಕೀಮಿಗೆ ಹೆಗಲು ಕೊಟ್ಟವರು ವಾಲ್‌ಚಂದ್ ಹೀರಾಚಂದ್. ಸೊಲ್ಲಾಪುರದ ಕಡೆಯವರು, ಬೊಂಬಾಯಿಯಲ್ಲಿ ವ್ಯವಹಾರ. ರೈಲ್ವೆ ಕಂಟ್ರಾಕ್ಟಿನಿಂದ ಮೇಲೆ ಬಂದವರು. ಸಿಂಧಿಯಾ ಹಡಗು ಕಂಪನಿ ನಡೆಸಿ ಇಂಗ್ಲೀಷ್ ಹಡಗು ಕಂಪನಿಗಳ ಜೊತೆ ಜಿದ್ದಿಗೆ ಬಿದ್ದಿದ್ದ ಮನುಷ್ಯ. ಒಬ್ಬರಿಗೆ ಲೆಕ್ಕ, ಇನ್ನೊಬ್ಬರಿಗೆ ಧೈರ್ಯ. ಜೋಡಿ ಚೆನ್ನಾಗಿಯೇ ಕೂಡಿತ್ತು.

ಮೊದಲು ನೋಡಿದ್ದು ಬೊಂಬಾಯಿಯನ್ನೇ. 1937ರಲ್ಲಿ ಅಲ್ಲಿ ಕಾಂಗ್ರೆಸ್ ಮಂತ್ರಿಮಂಡಲ ಬಂದಿತ್ತು. ಬಂಡವಾಳ ಹಾಕುವವರಿಗೆ ಬಡ್ಡಿಯ ಖಾತರಿ ಕೊಡೋಣ ಅಂತ ಆ ಸರ್ಕಾರ ಒಲವು ತೋರಿಸಿತು. ಅಷ್ಟರಲ್ಲಿ 1939ರ ಸೆಪ್ಟೆಂಬರ್ 3 ಬಂತು. ವೈಸ್‌ರಾಯ್ ಲಿನ್‌ಲಿತ್ಗೊ ಸಾಹೇಬರು ಯಾರನ್ನೂ ಒಂದು ಮಾತು ಕೇಳದೆ ಇಂಡಿಯಾ ಕೂಡ ಯುದ್ಧದಲ್ಲಿದೆ ಅಂತ ಸಾರಿಬಿಟ್ಟರು. ಕಾಂಗ್ರೆಸ್ ಮಂತ್ರಿಗಳು ರಾಜೀನಾಮೆ ಕೊಟ್ಟು ಮನೆಗೆ ಹೋದರು. ಖಾತರಿಯೂ ಅವರ ಹಿಂದೆಯೇ ಹೋಯಿತು. ಯುದ್ಧದ ಮೊದಲ ಏಟು ಹೀಗೆ ಬಿತ್ತು. ಬಾಂಬು ಬಿದ್ದು ಅಲ್ಲ, ಕುರ್ಚಿ ಖಾಲಿಯಾಗಿ.

ಪೆಟ್ಟಿಗೆಯಲ್ಲಿ ಬರುತ್ತಿದ್ದ ಕಾರು

ಆ ಕಾಲದಲ್ಲಿ ಕಾರಿನ ವ್ಯಾಪಾರ ಹೇಗೆ ನಡೀತಿತ್ತು ಅಂತ ತಿಳಿಯದೆ ಮುಂದಿನ ಕಥೆ ಅರ್ಥವಾಗುವುದಿಲ್ಲ. ಇಂಡಿಯಾದಲ್ಲಿ ಯಾರೂ ಕಾರು ತಯಾರು ಮಾಡುತ್ತಿರಲಿಲ್ಲ. ಜನರಲ್ ಮೋಟಾರ್ಸ್‌ನವರು 1928ರಿಂದ ಬೊಂಬಾಯಿಯಲ್ಲಿ ಜೋಡಿಸುತ್ತಿದ್ದರು. ಫೋರ್ಡಿನವರೂ ತಮ್ಮದೇ ಕಂಪನಿ ಮಾಡಿ ಜೋಡಣೆ ನಡೆಸುತ್ತಿದ್ದರು. ಜೋಡಿಸೋದು ಅಂದರೆ ಇಷ್ಟೇ: ಹಡಗಿನಲ್ಲಿ ಮರದ ಪೆಟ್ಟಿಗೆ ಬರುತ್ತೆ, ಬಿಚ್ಚಿ, ನಟ್ಟು ಬೋಲ್ಟು ಹಾಕಿ, ಬಣ್ಣ ಬಳಿದು ಏಜೆಂಟರಿಗೆ ಕಳಿಸುತ್ತಾರೆ. ಊರೂರಿನ ಏಜೆಂಟರು ಮಾರಿ ಕಮಿಷನ್ನು ಎಣಿಸುತ್ತಾರೆ. ಎಂಜಿನ್ನು, ಗೇರು, ಚಾಸಿ ಒಂದೂ ಇಲ್ಲಿನದಲ್ಲ.

ಏಜೆನ್ಸಿ ಅಂದರೆ ಬರೀ ಮಾರುವ ಹಕ್ಕಲ್ಲ. ಯಾವ ಊರು ಯಾರಿಗೆ ಅನ್ನುವ ಹಂಚಿಕೆ ಅದು. ಬೆಂಗಳೂರಿನ ಏಜೆಂಟ್ ಮದರಾಸಿಗೆ ಹೋಗಿ ಮಾರುವ ಹಾಗಿಲ್ಲ. ಮದರಾಸಿನವನು ಇಲ್ಲಿಗೆ ಬರುವ ಹಾಗಿಲ್ಲ. ಸಣ್ಣ ಏಜೆಂಟರಿಗೆ ಊರು ಹಂಚಿದ ಹಾಗೆಯೇ ದೊಡ್ಡ ಕಂಪನಿಗಳು ತಮ್ಮ ತಮ್ಮಲ್ಲಿ ಭೂಮಂಡಲವನ್ನೇ ಹಂಚಿಕೊಂಡಿದ್ದವು. ಈ ಹಂಚಿಕೆಯಲ್ಲೇ ವಾಲ್‌ಚಂದರ ಮೊದಲ ಮಾತುಕತೆ ಮುಗ್ಗರಿಸಿ ಬಿತ್ತು.

ದೇವರು ವರ ಕೊಟ್ಟರೂ ಪೂಜಾರಿ ಕೊಡಲಿಲ್ಲ

ವಾಲ್‌ಚಂದರು ಅಮೆರಿಕಾದಲ್ಲಿ ಮೊದಲು ತಟ್ಟಿದ್ದು ಫೋರ್ಡ್ ಕಂಪನಿಯ ಬಾಗಿಲು. ಡೆಟ್ರಾಯಿಟ್‌ನಲ್ಲಿ ಮಾತು ಒರಟಾಗಿಯೇನೂ ಇರಲಿಲ್ಲ. ಆದರೆ ತೊಡಕು ಬಂದದ್ದು ಬೇರೆ ಕಡೆಯಿಂದ. ಇಂಡಿಯಾ ವಿಷಯ ನಮ್ಮ ಕೈಲಿಲ್ಲ, ಕೆನಡಾದವರನ್ನು ಕೇಳಬೇಕು ಅಂತಾಯಿತು.

ಕೆನಡಾ ಎಲ್ಲಿಂದ ಬಂತು ಅಂತೀರಾ? 1904ರಲ್ಲಿ, ಇನ್ನೂ ಫೋರ್ಡ್ ಕಂಪನಿಗೆ ಒಂದು ವರ್ಷ ವಯಸ್ಸಾಗಿದ್ದಾಗ, ಡೆಟ್ರಾಯಿಟ್ ಹೊಳೆಯ ಆಚೆ ದಡದ ವಾಕರ್‌ವಿಲ್ ಎಂಬ ಊರಿನಲ್ಲಿ ಫೋರ್ಡ್ ಕೆನಡಾ ಅಂತ ಇನ್ನೊಂದು ಕಂಪನಿ ಹುಟ್ಟಿತು. ಆ ದಡ ಬ್ರಿಟಿಷ್ ಸಾಮ್ರಾಜ್ಯದ್ದು, ಈ ದಡ ಅಮೆರಿಕಾದ್ದು. ಬ್ರಿಟನ್ನು, ಐರ್ಲೆಂಡು ಬಿಟ್ಟು ಉಳಿದ ಸಾಮ್ರಾಜ್ಯದಲ್ಲೆಲ್ಲ ಫೋರ್ಡ್ ಕಾರು ತಯಾರಿಸುವ, ಮಾರುವ ಹಕ್ಕು ಈ ಕೆನಡಾ ಕಂಪನಿಗೆ ಅಂತ ಆಗಲೇ ಕರಾರು. ಆಸ್ಟ್ರೇಲಿಯಾ ಅವರಿಗೆ, ದಕ್ಷಿಣ ಆಫ್ರಿಕಾ ಅವರಿಗೆ, ಇಂಡಿಯಾ ಅವರಿಗೆ. 1904ರಲ್ಲಿ ಹೊಳೆ ದಂಡೆಯಲ್ಲಿ ಕೂತು ಕರಾರು ಬರೆದವರಿಗೆ ಇಂಡಿಯಾ ಎಲ್ಲಿದೆ ಅಂತ ನಕ್ಷೆಯಲ್ಲಿ ತೋರಿಸೋಕೆ ಆಗ್ತಿತ್ತೋ ಇಲ್ಲವೋ! ಬರೆದದ್ದು ಮಾತ್ರ ಬರೆದ ಹಾಗೇ ಇತ್ತು.

ಬೊಂಬಾಯಿಯಲ್ಲಿದ್ದ ಫೋರ್ಡ್ ಕಂಪನಿಯೂ ಇದೇ ಕೆನಡಾದವರ ಕೂಸು. ಪೆಟ್ಟಿಗೆಯಲ್ಲಿ ಮಾಲು ಕಳಿಸಿ, ಜೋಡಿಸಿ ಮಾರಿ, ಲಾಭ ತಗೊಂಡು ಹೋಗುತ್ತಿದ್ದವರು ಅವರೇ. ಇನ್ನೊಬ್ಬ ಬಂದು ಇಲ್ಲಿಯೇ ಎಂಜಿನ್ನು ಎರಕ ಹೊಯ್ದು ಕಾರು ಮಾಡ್ತೀನಿ ಅಂದರೆ ಅವರು ಯಾಕೆ ಒಪ್ತಾರೆ? ಒಪ್ಪಲಿಲ್ಲ. ಡೆಟ್ರಾಯಿಟ್ ದೇವರು ಕಣ್ಣು ಬಿಟ್ಟರೂ ವಾಕರ್‌ವಿಲ್ ಪೂಜಾರಿ ಬಾಗಿಲು ತೆಗೆಯಲಿಲ್ಲ. ಆ ಮಾತುಕತೆ ಅಲ್ಲಿಗೇ ಮುಗೀತು.

ವಾಲ್‌ಚಂದರು ಸುಮ್ಮನೆ ಗಂಟು ಕಟ್ಟುವ ಜನ ಅಲ್ಲ. ಅದೇ ಡೆಟ್ರಾಯಿಟ್‌ನಲ್ಲಿ ಇನ್ನೊಂದು ಬಾಗಿಲಿತ್ತು, ಕ್ರೈಸ್ಲರ್. ಡಾಜ್, ಪ್ಲಿಮತ್, ಡಿಸೋಟೊ ಕಾರುಗಳ ಕಂಪನಿ. ಅವರಿಗೆ ಇಂಡಿಯಾದಲ್ಲಿ ಫೋರ್ಡಿನ ಹಾಗೆ, ಜನರಲ್ ಮೋಟಾರ್ಸ್ ಹಾಗೆ ಸ್ವಂತ ಕಾರ್ಖಾನೆ ಇರಲಿಲ್ಲ. ಕಳೆದುಕೊಳ್ಳೋದು ಕಡಿಮೆ, ಸಿಗೋದು ಜಾಸ್ತಿ. ಒಪ್ಪಿಕೊಂಡರು. ನಕ್ಷೆ, ತಾಂತ್ರಿಕ ನೆರವು ಅವರದು. ಬಂಡವಾಳ, ಜವಾಬ್ದಾರಿ ವಾಲ್‌ಚಂದರದು. 1940ರಲ್ಲಿ ಕರಾರಾಯಿತು.

ಆಕಾಶದಲ್ಲಿ ಸಿಕ್ಕ ಸ್ನೇಹಿತ

ಇಲ್ಲಿಂದ ಕಥೆಗೆ ಎರಡು ಕವಲು.

ಅಟ್ಲಾಂಟಿಕ್ ಸಮುದ್ರದಲ್ಲಿ ಜರ್ಮನಿಯವರ ಜಲಾಂತರ್ಗಾಮಿಗಳ ಕಾಟ. ವಾಲ್‌ಚಂದರು ಪೆಸಿಫಿಕ್ ಕಡೆಯಿಂದ ವಿಮಾನದಲ್ಲಿ ಹೊರಟರು. ಪಕ್ಕದಲ್ಲಿ ಮಾತಿಗೆ ಸಿಕ್ಕಿದವನು ವಿಲಿಯಂ ಪಾಲಿ ಎಂಬ ಅಮೆರಿಕನ್. ಚೀನಾದಲ್ಲಿ ವಿಮಾನ ಜೋಡಿಸುವ ಕಾರ್ಖಾನೆ ನಡೆಸುತ್ತಿದ್ದ ಆಸಾಮಿ. ಜಪಾನಿನವರ ಬಾಂಬಿಗೆ ಹೆದರಿ ಆ ಕಾರ್ಖಾನೆ ಊರೂರು ಅಲೆಯುತ್ತಿದ್ದ ಕಾಲ. ಕಾರು ಮಾಡಲು ಹೊರಟವರಿಗೆ ವಿಮಾನ ಮಾಡುವವನು ಸಿಕ್ಕಿದ. ಮಾತು ಬೆಳೆಯಿತು. ಇಂಡಿಯಾದಲ್ಲಿ ವಿಮಾನ ಕಾರ್ಖಾನೆ ಯಾಕಾಗಬಾರದು?

ಸರ್ಕಾರಕ್ಕೆ ಬರೆದರು. ಒಂದೇ ಏಟಿಗೆ ಯಾರೂ ಹೂಂ ಅನ್ನಲಿಲ್ಲ. ಆದರೆ 1940ರ ಬೇಸಿಗೆಯಲ್ಲಿ ಫ್ರಾನ್ಸ್ ಬಿದ್ದಿತ್ತು. ಲಂಡನ್ನಿನ ಮೇಲೆ ಬಾಂಬು ಸುರಿಯಲು ಶುರುವಾಗಿತ್ತು. ಪೂರ್ವದ ಕಡೆ ಜಪಾನಿನ ಭಯ. ವಿಮಾನ ಅಂದರೆ ದೆಹಲಿಯ ಕಿವಿ ನೆಟ್ಟಗಾಯಿತು. ಜಾಗ ಎಲ್ಲಿ? ಇಲ್ಲಿ ಮುಂದೆ ಬಂದವರು ಮೈಸೂರಿನ ದಿವಾನ್ ಸರ್ ಮಿರ್ಜಾ ಇಸ್ಮಾಯಿಲ್. ಜಮೀನು ಕೊಟ್ಟರು, ಕರೆಂಟು ಕೊಟ್ಟರು, ಮೈಸೂರು ಸರ್ಕಾರದಿಂದಲೇ ಷೇರು ಹಾಕಿದರು. 1940ರ ಆಗಸ್ಟ್ 3ರಂದು ನಾಲ್ವಡಿ ಕೃಷ್ಣರಾಜ ಒಡೆಯರು ತೀರಿಕೊಂಡು ಇಡೀ ಸಂಸ್ಥಾನ ಶೋಕದಲ್ಲಿದ್ದ ವರ್ಷ ಅದು. ಆದರೂ ಕೆಲಸ ನಿಲ್ಲಲಿಲ್ಲ. 1940ರ ಡಿಸೆಂಬರ್ 23ಕ್ಕೆ ಹಿಂದೂಸ್ಥಾನ್ ಏರ್‌ಕ್ರಾಫ್ಟ್ ಲಿಮಿಟೆಡ್ ರಿಜಿಸ್ಟರ್ ಆಯಿತು. ದೊಮ್ಮಲೂರಿನಾಚೆ ರಾಗಿ ಹೊಲದ ನಡುವೆ ಷೆಡ್ಡು ಎದ್ದವು. 1941ರಲ್ಲಿ ದೆಹಲಿ ಸರ್ಕಾರವೂ 25 ಲಕ್ಷ ಹಾಕಿ ಮೂರನೇ ಒಂದು ಪಾಲುದಾರ ಆಯಿತು. ಅದೇ ಆಗಸ್ಟಿನಲ್ಲಿ ಇಲ್ಲಿ ಜೋಡಿಸಿದ ಹಾರ್ಲೋ ಎಂಬ ತರಬೇತಿ ವಿಮಾನ ಬೆಂಗಳೂರಿನ ಮೇಲೆ ಹಾರಿತು.

ಎಂಟೇ ತಿಂಗಳು! ಯಂತ್ರ ಎಲ್ಲಿಂದ ಬಂತು? ಅಮೆರಿಕಾದಿಂದ. ದುಡ್ಡು ಯಾವುದರಲ್ಲಿ ಕೊಟ್ಟರು? ಡಾಲರಿನಲ್ಲಿ. ಹೇಗೆ ಬಂತು? ಹಡಗಿನಲ್ಲಿ, ಅದೇ ಜಲಾಂತರ್ಗಾಮಿಗಳ ನಡುವೆ. ಓದುಗರು ಈ ಮೂರು ಉತ್ತರ ನೆನಪಿಟ್ಟುಕೊಂಡು ಮುಂದೆ ಓದಬೇಕು.

ಈಗಲ್ಲ, ಆಮೇಲೆ

ಇನ್ನೊಂದು ಕವಲು ಕಾರಿನದು. ಬೊಂಬಾಯಿಯಲ್ಲಿ ಖಾತರಿ ಕೊಡುವವರು ಹೋದರು ತಾನೆ, ಮೈಸೂರೇ ನಡೆಸಲಿ ಅಂತ ಸರ್ ಎಂ.ವಿ. ಹೇಳಿದರು. ಮಿರ್ಜಾ ಸಾಹೇಬರೂ ತಯಾರಾದರು. ಬೆಂಗಳೂರಿನಲ್ಲೇ ಕಾರ್ಖಾನೆ, ಮೈಸೂರು ಸರ್ಕಾರದ ಬೆಂಬಲ, ವಾಲ್‌ಚಂದರ ವ್ಯವಹಾರ, ಕ್ರೈಸ್ಲರ್ ನೆರವು. ಊರಿಗೆ ಏನು ಕಡಿಮೆ ಇತ್ತು ಹೇಳಿ. 1936ರಿಂದ ಭದ್ರಾವತಿಯಲ್ಲಿ ಉಕ್ಕು ತಯಾರಾಗುತ್ತಿತ್ತು. ಶಿವನಸಮುದ್ರದ ಕರೆಂಟು ಇತ್ತು. 1917ರಿಂದ ಎಂಜಿನಿಯರಿಂಗ್ ಕಾಲೇಜು ಹುಡುಗರನ್ನು ತಯಾರು ಮಾಡುತ್ತಿತ್ತು. ಸೆಕೆಯಿಲ್ಲದ ಹವೆ ಬೇರೆ.

ಇಲ್ಲದೇ ಇದ್ದದ್ದು ಒಂದೇ, ದೆಹಲಿಯ ಒಪ್ಪಿಗೆ.

ಮೈಸೂರು ಹೆಸರಿಗೆ ರಾಜರ ಸಂಸ್ಥಾನ. ಮಹಾರಾಜರ ಮೆರವಣಿಗೆ, ಬಂದೂಕಿನ ಸಲಾಮು ಎಲ್ಲಾ ಇತ್ತು. ಆದರೆ ಸಂಸ್ಥಾನಕ್ಕೆ ಸ್ವಂತ ಬಂದರಿಲ್ಲ. ಹೊರದೇಶದ ಜೊತೆ ನೇರವಾಗಿ ವ್ಯವಹರಿಸುವ ಅಧಿಕಾರವಿಲ್ಲ. ಏನಿದ್ದರೂ ರೆಸಿಡೆಂಟ್ ಸಾಹೇಬರ ಮೂಲಕ ದೆಹಲಿಗೆ ಬರೆಯಬೇಕು. ಯುದ್ಧ ಬಂದ ಮೇಲಂತೂ ಡಾಲರು ಬೇಕಾದರೆ ರಿಸರ್ವ್ ಬ್ಯಾಂಕಿನ ಅಪ್ಪಣೆ, ಯಂತ್ರ ತರಿಸಬೇಕಾದರೆ ಲೈಸೆನ್ಸು, ಹಡಗಿನಲ್ಲಿ ಜಾಗ ಬೇಕಾದರೆ ಇನ್ನೊಂದು ಅಪ್ಪಣೆ. ಒಂದೊಂದು ಬೀಗಕ್ಕೂ ಒಂದೊಂದು ಕೀಲಿ. ಎಲ್ಲಾ ಕೀಲಿಯೂ ಒಂದೇ ಗೊಂಚಲಿನಲ್ಲಿ, ಗೊಂಚಲು ದೆಹಲಿಯ ಸೊಂಟದಲ್ಲಿ.

ಡಾಲರಿನ ಮಾತು ಸ್ವಲ್ಪ ಬಿಡಿಸಿ ಹೇಳಬೇಕು. ಇಂಡಿಯಾಕ್ಕೆ ಡಾಲರೇ ಇರಲಿಲ್ಲ ಅಂತಲ್ಲ. ಗೋಣಿಚೀಲ, ಅರಗು, ಕಾಗೆಬಂಗಾರ ಅಮೆರಿಕಾಕ್ಕೆ ಹೋಗುತ್ತಿತ್ತು, ಡಾಲರು ಬರುತ್ತಿತ್ತು. ಬಂದ ಡಾಲರು ಲಂಡನ್ನಿನಲ್ಲಿದ್ದ ಸಾಮ್ರಾಜ್ಯದ ಹುಂಡಿಗೆ ಬೀಳುತ್ತಿತ್ತು. ಇಂಡಿಯಾದ ಲೆಕ್ಕಕ್ಕೆ ಪೌಂಡು ಅಂತ ಚೀಟಿ ಬರೆದುಕೊಳ್ಳುತ್ತಿದ್ದರು. ದುಡಿದವರು ಕೇಳಿದರೆ, ಯುದ್ಧ ಮುಗೀಲಿ ನೋಡೋಣ. ನಮ್ಮ ದುಡ್ಡೇ ಸ್ವಾಮಿ, ಆದರೂ ಕೈ ಚಾಚಿ ನಿಲ್ಲಬೇಕು.

ವಾಲ್‌ಚಂದರು ಕೇಳಿದ್ದು ದೊಡ್ಡದೇನೂ ಅಲ್ಲ. ಯಂತ್ರಕ್ಕೆ ಬೇಕಾದ ಡಾಲರು ಬಿಡಿ. ಸೈನ್ಯಕ್ಕೆ ಹೇಗಿದ್ದರೂ ಸಾವಿರಾರು ಲಾರಿ ಬೇಕು, ಇಲ್ಲಿ ತಯಾರಾದದ್ದನ್ನು ಕೊಳ್ಳುವ ಭರವಸೆ ಕೊಡಿ. ಯುದ್ಧದ ಉದ್ಯಮ ಅಂತ ಒಪ್ಪಿಕೊಳ್ಳಿ. ದೆಹಲಿ ಹೇಳಿದ್ದರ ಸಾರಾಂಶ: ಕಾರಿನ ಕಾರ್ಖಾನೆ ಯುದ್ಧದ ಕೆಲಸಕ್ಕೆ ಬರುವುದಿಲ್ಲ. ಕಟ್ಟಿ ಮುಗಿಸುವಷ್ಟರಲ್ಲಿ ಯುದ್ಧವೇ ಮುಗಿದಿರುತ್ತದೆ. ಈಗಲ್ಲ.

ಲಾರಿ ಯುದ್ಧದ ಕೆಲಸಕ್ಕೆ ಬರಲ್ಲವಂತೆ! ಉತ್ತರ ಆಫ್ರಿಕಾದ ಮರಳಿನಲ್ಲಿ, ಬರ್ಮಾದ ಕಾಡಿನಲ್ಲಿ ಇಂಡಿಯಾದ ಸಿಪಾಯಿಗಳು ಏನು ಎತ್ತಿನ ಗಾಡಿಯಲ್ಲಿ ಹೋದರೆ? ಅವರು ಹೋದದ್ದು ಕೆನಡಾದ ಫೋರ್ಡ್, ಷೆವ್ರಲೆ ಲಾರಿಗಳಲ್ಲಿ. ಯುದ್ಧಕಾಲದಲ್ಲಿ ಇಂಡಿಯಾದಲ್ಲೇ ತಯಾರಾದ ಉಕ್ಕಿನ ಕವಚದ ಗಾಡಿಯೊಂದಿತ್ತು. ಮೇಲಿನ ಕವಚ ಟಾಟಾ ಉಕ್ಕು, ಕಟ್ಟಿದ್ದು ರೈಲ್ವೆ ವರ್ಕ್‌ಶಾಪಿನ ಕೆಲಸಗಾರರು. ಅಡಿಯ ಚಾಸಿ? ಫೋರ್ಡ್ ಕೆನಡಾ! ಹೊಳೆ ದಂಡೆಯ 1904ರ ಕರಾರು ಮತ್ತೆ ಇಲ್ಲಿ ಬಂದು ಕೂತಿತ್ತು. ಕವಚ ಹೊದಿಸೋಕೆ ಇಂಡಿಯಾದ ಕೈ ಆಗುತ್ತೆ, ಚಾಸಿ ಮಾಡೋಕೆ ಆಗಲ್ಲ.

ಯುದ್ಧ ಮುಗಿದ ಮೇಲೆ ತಮ್ಮ ಕಾರು ಮಾರಲು ಬ್ರಿಟಿಷ್ ಕಂಪನಿಗಳಿಗೆ ಈ ಸಂತೆ ಖಾಲಿಯಾಗಿ ಬೇಕಿತ್ತು, ಅದಕ್ಕೇ ಅಡ್ಡಗಾಲು ಅಂತ ಆ ಕಾಲದ ಕಾಂಗ್ರೆಸ್ಸಿನವರು, ಬೊಂಬಾಯಿ ವ್ಯಾಪಾರಸ್ಥರು ಬಹಿರಂಗವಾಗಿಯೇ ಆಡಿಕೊಳ್ಳುತ್ತಿದ್ದರು. ಪೂರ್ತಿ ಸುಳ್ಳು ಅನ್ನೋದು ಕಷ್ಟ. ಆದರೆ ನ್ಯಾಯವಾಗಿ ಇನ್ನೊಂದು ಮಾತೂ ಹೇಳಬೇಕು. ಯುದ್ಧದ ತೊಂದರೆ ಬರೀ ನೆಪ ಆಗಿರಲಿಲ್ಲ. ಹಡಗುಗಳು ಮುಳುಗುತ್ತಿದ್ದವು. 1941ರ ಡಿಸೆಂಬರ್ 7ರಂದು ಜಪಾನ್ ಪರ್ಲ್ ಹಾರ್ಬರಿಗೆ ಬಾಂಬು ಹಾಕಿದ ಮೇಲೆ ಅಮೆರಿಕಾದಲ್ಲೇ ಜನಸಾಮಾನ್ಯರ ಕಾರು ತಯಾರಿಸುವುದನ್ನು ನಿಲ್ಲಿಸಿದರು. 1942ರ ಫೆಬ್ರವರಿಯಲ್ಲಿ ಕಡೆಯ ಕಾರು ಹೊರಬಂತು. ಕ್ರೈಸ್ಲರ್‌ನವರು ಆ ಹೊತ್ತಿಗೆ ಟ್ಯಾಂಕು ಮಾಡುವ ದೊಡ್ಡ ಕಾರ್ಖಾನೆಯನ್ನೇ ನಡೆಸುತ್ತಿದ್ದರು. ಅವರ ಹತ್ತಿರ ಹೋಗಿ ಬೆಂಗಳೂರಿಗೆ ಯಂತ್ರ ಕೊಡಿ ಅಂದರೆ ಕೊಡುವ ಸ್ಥಿತಿಯಲ್ಲಿ ಅವರೂ ಇರಲಿಲ್ಲ.

ಆದ್ದರಿಂದಲೇ ಆ ಒಂದೂವರೆ ವರ್ಷಕ್ಕೆ ಅಷ್ಟು ಬೆಲೆ. 1940ರ ಮಧ್ಯದಿಂದ 1941ರ ಕೊನೆಯವರೆಗೆ ಬಾಗಿಲು ಅರ್ಧ ತೆರೆದಿತ್ತು. ವಿಮಾನದ ಯಂತ್ರ ಅದೇ ಸಂದಿಯಲ್ಲಿ ನುಗ್ಗಿ ಬಂತು. ಕಾರಿನ ಕಾಗದ ಅದೇ ಒಂದೂವರೆ ವರ್ಷ ಮೇಜಿನಿಂದ ಮೇಜಿಗೆ ಓಡಾಡಿತು. ಬಾಗಿಲು ಮುಚ್ಚಿದ ಮೇಲೆ "ನೋಡಿ, ನಾವು ಮೊದಲೇ ಹೇಳಲಿಲ್ಲವೆ, ಯುದ್ಧಕಾಲ" ಅಂತ ಹೇಳೋದು ಎಷ್ಟು ಸುಲಭ!

ಆಗ ದೆಹಲಿಯಲ್ಲಿ ವೈಸ್‌ರಾಯ್ ಕೌನ್ಸಿಲಿನ ವಾಣಿಜ್ಯ ಸದಸ್ಯರಾಗಿದ್ದವರು ಸರ್ ಎ. ರಾಮಸ್ವಾಮಿ ಮೊದಲಿಯಾರ್. ಇದೇ ಮೊದಲಿಯಾರರು 1946ರಲ್ಲಿ ಮೈಸೂರಿನ ದಿವಾನರಾಗಿ ಬಂದರು. ಅಷ್ಟು ಹೊತ್ತಿಗೆ ಕಾರು ಬೊಂಬಾಯಿ ದಾರಿ ಹಿಡಿದಾಗಿತ್ತು.

ಇದ್ದಿಲು ಬಸ್ಸಿನ ದಿನಗಳು

ಇತ್ತ ಊರಿನಲ್ಲಿ ಏನಾಗಿತ್ತು? ಪೆಟ್ರೋಲಿಗೆ ರೇಷನ್ನು. ಬಿಡಿಭಾಗ ಸಿಗದು. ಹೊಸ ಬಂಡಿ ಕನಸಿನ ಮಾತು. ಇದ್ದ ಹಳೇ ಬಸ್ಸಿನ ಹಿಂಬದಿಗೆ ಡ್ರಮ್ಮಿನಂಥ ಒಲೆ ಕಟ್ಟಿ, ಇದ್ದಿಲು ಉರಿಸಿ, ಆ ಗ್ಯಾಸಿನಿಂದ ಎಂಜಿನ್ನು ಓಡಿಸುತ್ತಿದ್ದರು. ಬೆಳಗ್ಗೆ ಕ್ಲೀನರು ಚಕ್ರ ತಿರುಗಿಸಿ ಗಾಳಿ ಹಾಕಬೇಕು, ಹೊಗೆ ಸರಿಯಾಗುವವರೆಗೆ ಪ್ರಯಾಣಿಕರು ಕಾಯಬೇಕು. ಏರು ಬಂದರೆ "ಇಳೀರಪ್ಪ, ಗಂಡಸರೆಲ್ಲ ಇಳೀರಿ" ಅಂತ ಕೂಗು. ಇಳಿದು ತಳ್ಳಬೇಕು. ಮದುವೆಗೆ ಹೊರಟವರ ಬಿಳೀ ಪಂಚೆ ಇಳಿಯುವಾಗ ಕರೀ ಪಂಚೆ. ಆ ಕಾಲ ಕಂಡ ಅಜ್ಜಂದಿರು ಮೊಮ್ಮಕ್ಕಳಿಗೆ ಈ ಕಥೆ ನಗುನಗುತ್ತಾ ಹೇಳುತ್ತಿದ್ದರು. ತಳ್ಳುವಾಗ ನಗು ಬಂದಿರಲಾರದು. ಆ ಬಸ್ಸಿಗೆ ಬೇಕಾದ ಪಿಸ್ಟನ್ನು, ರಿಂಗು, ಗೇರಿನ ಚಕ್ರವನ್ನು ಈ ಊರಿನಲ್ಲೇ ಕಡೆಯಬಹುದಿತ್ತು ಅನ್ನುವ ಸಂಗತಿ ತಳ್ಳುತ್ತಿದ್ದವರಲ್ಲಿ ಎಷ್ಟು ಜನಕ್ಕೆ ಗೊತ್ತಿತ್ತೋ.

1941ರಲ್ಲಿ ಮಿರ್ಜಾ ಸಾಹೇಬರು ದಿವಾನಗಿರಿ ಬಿಟ್ಟರು. ಹೊಸ ದಿವಾನರು ಬಂದರು. ಕಾರಿನ ಸ್ಕೀಮಿಗೆ ಬೆನ್ನು ಕೊಟ್ಟವರೇ ಹೋದ ಮೇಲೆ ಮುಂದೆ ತಳ್ಳುವವರು ಯಾರು? ವಿಮಾನ ಕಾರ್ಖಾನೆಯೂ ವಾಲ್‌ಚಂದರ ಕೈಯಲ್ಲಿ ಬಹಳ ದಿನ ಉಳಿಯಲಿಲ್ಲ. ಜಪಾನಿನವರು ಬರ್ಮಾಕ್ಕೆ ನುಗ್ಗಿದ್ದೇ ತಡ, 1942ರ ಏಪ್ರಿಲ್‌ನಲ್ಲಿ ದೆಹಲಿ ಸರ್ಕಾರ ಅವರ ಪಾಲನ್ನು ಕೊಂಡು ಕಾರ್ಖಾನೆ ವಶಕ್ಕೆ ತಗೊಂಡಿತು. ಮೈಸೂರು ಮಾತ್ರ ತನ್ನ ಷೇರು ಮಾರಲಿಲ್ಲ. ಆಡಳಿತ ಬಿಟ್ಟುಕೊಟ್ಟಿತು, ಪಾಲು ಬಿಡಲಿಲ್ಲ. 1943ರಲ್ಲಿ ಅಮೆರಿಕಾದ ವಾಯುಸೈನ್ಯ ಬಂದು ಕೂತಿತು. ವಿಮಾನ ತಯಾರಿಸುವ ಮಾತು ಹಿಂದೆ ಸರಿದು ರಿಪೇರಿ ಮುಂದೆ ಬಂತು. ಸಾವಿರಾರು ಬೆಂಗಳೂರು ಹುಡುಗರು ರಿವೆಟ್ಟು ಹೊಡೆಯಲು, ಎಂಜಿನ್ನು ಬಿಚ್ಚಲು ಕಲಿತರು. ಅದನ್ನು ಮರೆಯುವ ಹಾಗಿಲ್ಲ. ಇವತ್ತು ಪೀಣ್ಯದಲ್ಲಿ, ರಾಜಾಜಿನಗರದಲ್ಲಿ ಲೇತು ಹಾಕಿಕೊಂಡವರ ಗುರುಗಳ ಗುರುಗಳನ್ನು ಹುಡುಕುತ್ತಾ ಹೋದರೆ ಒಂದಷ್ಟು ಮಂದಿಯ ದಾರಿ ಆ ಷೆಡ್ಡಿಗೇ ಹೋಗಿ ನಿಲ್ಲುತ್ತದೆ.

ಬೊಂಬಾಯಿಗೆ ಹೋದ ಕಾರು

ವಾಲ್‌ಚಂದರು ಕಾರು ಬಿಡಲಿಲ್ಲ. ಇನ್ನೂ ಯುದ್ಧ ನಡೆಯುತ್ತಿದ್ದಾಗಲೇ, 1944ರಲ್ಲಿ, ಪ್ರೀಮಿಯರ್ ಆಟೋಮೊಬೈಲ್ಸ್ ಅಂತ ಕಂಪನಿ ಕಟ್ಟಿದರು. ಜಾಗ ಬೊಂಬಾಯಿಯ ಕುರ್ಲಾ. ಬಂದರು ಹತ್ತಿರ, ಅವರ ಆಫೀಸು ಹತ್ತಿರ, ರೆಸಿಡೆಂಟರ ಕಾಟ ಇಲ್ಲ. ಕ್ರೈಸ್ಲರ್ ನೆರವಿನ ಡಾಜ್, ಡಿಸೋಟೊ, ಪ್ಲಿಮತ್ ಬಂಡಿಗಳು ಅಲ್ಲಿಂದ ಹೊರಬರಲು ಶುರುವಾದದ್ದು 1947ರಲ್ಲಿ. ಬ್ರಿಟಿಷರು ಗಂಟುಮೂಟೆ ಕಟ್ಟುತ್ತಿದ್ದ ವರ್ಷ. ಮೊದಮೊದಲು ಅದೂ ಪೆಟ್ಟಿಗೆ ಬಿಚ್ಚಿ ಜೋಡಿಸಿದ್ದೇ. ಇತ್ತ ಬಿರ್ಲಾ ಅವರು 1942ರಲ್ಲಿ ಹಿಂದೂಸ್ಥಾನ್ ಮೋಟಾರ್ಸ್ ಕಟ್ಟಿ ಇಂಗ್ಲೆಂಡಿನ ಮಾರಿಸ್ ಕಂಪನಿಯ ಜೊತೆ ಸೇರಿದ್ದರು. ಅವರ ಕಾರಿಗೂ ಯುದ್ಧ ಮುಗಿಯಬೇಕಾಯಿತು. ಸರ್ ಎಂ.ವಿ. ಹಡಗು ಹತ್ತಿದ್ದು 1935, ಬಂಡಿ ಹೊರಬಂದದ್ದು 1947. ಹನ್ನೆರಡು ವರ್ಷ. ವನವಾಸದ ಲೆಕ್ಕ.

ಆ ಹಳೇ ಏಜೆನ್ಸಿ ಕಂಪನಿಗಳ ಗತಿ ಏನಾಯಿತು ಅಂತಲೂ ಓದುಗರಿಗೆ ಕುತೂಹಲ ಇರಬಹುದು. 1953ರಲ್ಲಿ ಟ್ಯಾರಿಫ್ ಕಮಿಷನ್ ಶಿಫಾರಸು ಮಾಡಿತು: ಇಲ್ಲೇ ತಯಾರಿಸುವ ಯೋಜನೆ ಇದ್ದವರು ಇರಿ, ಬರೀ ಪೆಟ್ಟಿಗೆ ಬಿಚ್ಚುವವರು ಹೊರಡಿ. ಜನರಲ್ ಮೋಟಾರ್ಸ್ ಹೊರಟಿತು. ಫೋರ್ಡೂ ಹೊರಟಿತು. ಇಲ್ಲಿ ತಯಾರಿಸಲು ಹದಿನಾಲ್ಕು ವರ್ಷ ಮೊದಲು ಮನೆ ಬಾಗಿಲಿಗೆ ಹೋಗಿ ಕೇಳಿದ್ದ ವಾಲ್‌ಚಂದರು ಅದೇ 1953ರ ಏಪ್ರಿಲ್ 8ರಂದು ತೀರಿಕೊಂಡಿದ್ದರು. ಫೋರ್ಡ್ ಮತ್ತೆ ಈ ದೇಶಕ್ಕೆ ಬಂದದ್ದು 1995ರಲ್ಲಿ, ಅದೂ ಮದರಾಸಿನ ಹತ್ತಿರಕ್ಕೆ.

ಬೆಂಗಳೂರಿನ ಪಾಲಿಗೆ ಕಾರು ಬರಲೇ ಇಲ್ಲ ಅಂತಲ್ಲ. ಸಿಪಾನಿಯವರ ಡಾಲ್ಫಿನ್ 1982ರಲ್ಲಿ ಬಂತು. ಹಗುರವಾದ ಪುಟ್ಟ ಕಾರು, ಊರಿನವರು ಪ್ರೀತಿಯಿಂದಲೂ ಲೇವಡಿಯಿಂದಲೂ ನೋಡಿದರು. 1997ರಲ್ಲಿ ಟೊಯೋಟಾದವರು ಕಿರ್ಲೋಸ್ಕರ್ ಜೊತೆ ಸೇರಿ ಬಿಡದಿಗೆ ಬಂದರು, 2000ದಲ್ಲಿ ಕ್ವಾಲಿಸ್ ಹೊರಬಿಟ್ಟರು. ಸರ್ ಎಂ.ವಿ. ಸ್ಕೀಮು ಬರೆದು ಆಗಲೇ ಅರವತ್ತು ವರ್ಷ ಮೀರಿತ್ತು. ಅವರು 1962ರ ಏಪ್ರಿಲ್ 14ರಂದು ಕಣ್ಣು ಮುಚ್ಚಿದರು. ಮೈಸೂರು ರಾಜ್ಯದಲ್ಲಿ ಕಾರು ತಯಾರಾಗುವುದನ್ನು ನೂರು ವರ್ಷ ಬದುಕಿದ ಆ ಮನುಷ್ಯನೂ ನೋಡಲಿಲ್ಲ.

ಕಡೆಗೊಂದು ಸಂಗತಿ ಉಳಿದಿದೆ. 1945ರಲ್ಲಿ ಯುದ್ಧ ಮುಗಿಯಿತು. ಅಮೆರಿಕಾದವರು ಗಂಟು ಕಟ್ಟಿದರು. ವಿಮಾನ ಕಾರ್ಖಾನೆಯಲ್ಲಿ ರಿಪೇರಿಗೆ ವಿಮಾನವೇ ಇಲ್ಲ! ಯುದ್ಧದ ಕೆಲಸಕ್ಕೆ ಅಂತ ಕಟ್ಟಿದ ಕಾರ್ಖಾನೆ ಯುದ್ಧ ಮುಗಿದ ಕೂಡಲೇ ಕೈಕಟ್ಟಿ ಕೂತಿತು. ತರಬೇತಾದ ಕೆಲಸಗಾರರಿಗೆ ಏನು ಕೆಲಸ ಕೊಡೋದು? ರೈಲಿನ ಉಕ್ಕಿನ ಬೋಗಿ ಕಟ್ಟಲು ಹಚ್ಚಿದರು. ಆ ಬೋಗಿಯ ವಿಭಾಗವೇ 1964ರಲ್ಲಿ ಬೇರೆಯಾಗಿ ಬಿ.ಇ.ಎಂ.ಎಲ್. ಆಯಿತು. ಬೋಗಿಯ ಜೊತೆಗೆ ಇನ್ನೊಂದು ಕೆಲಸವನ್ನೂ ಮಾಡಿಸಿದರು, ಬಸ್ಸಿನ ಬಾಡಿ. ಹೊರಗಿನಿಂದ ಬಂದ ಚಾಸಿಯ ಮೇಲೆ, ವಿಮಾನದ ಷೆಡ್ಡಿನಲ್ಲಿ, ಬೆಂಗಳೂರಿನ ಹುಡುಗರು ತಗಡು ಬಡಿದು ಬಸ್ಸು ಕಟ್ಟಿದರು.